ಕೀ ಇಲ್ಲದೆ ತೆರೆದ ಫಿಯೆಟ್

ಪೌಲ್ ಮಥಾಯಸ್ ಮಾಡುವ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಗಲ್ಫಿನಲ್ಲಿರುವವರು ಬಲ್ಮಠ, ಬೆಂದೂರು, ವಾಮಂಜೂರಿನ ಮನೆಗಳಲ್ಲಿ ಬಿಟ್ಟುಹೋದ ಕಾರುಗಳನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಎಂಜಿನ್ ಓಡಲು ಬಿಟ್ಟು, ಟಯರಿನ ಗಾಳಿ ನೋಡಿ, ಬೋನೆಟ್ಟಿನೊಳಗೆ ಇಲಿ ಗೂಡು ಕಟ್ಟಿದ್ದರೆ ತೆಗೆದು ಬರುತ್ತಾನೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದ ಕೆಲಸ. ಆ ಮನೆಗಳ ಗೇಟಿನ ಕೀಗಳು ಅವನ ಅಡುಗೆಮನೆಯ ಗೋಡೆಯ ಮೊಳೆಗಳಲ್ಲಿ ತೂಗುತ್ತವೆ. ಅವೇ ಅವನ ಜೀವನೋಪಾಯ. ಒಂದು ಮನೆಯವರಿಗೆ ಸಂಶಯ ಬಂದರೆ ಉಳಿದವರಿಗೆ ಸುದ್ದಿ ಮುಟ್ಟಲು ಇಗರ್ಜಿಯಲ್ಲಿ ಒಂದು ಭಾನುವಾರದ ಬಲಿಪೂಜೆಗೆ ಜನ ಸೇರಿದರೆ ಸಾಕು ಎಂಬುದು ಅವನಿಗೆ ಗೊತ್ತಿತ್ತು.

ಪೌಲ್ ಕುವೈತಿನಲ್ಲಿ ರಸ್ತೆಯಲ್ಲಿ ಕೆಟ್ಟುನಿಂತ ವಾಹನಗಳನ್ನು ಎತ್ತುವ ಕಂಪನಿಯೊಂದರಲ್ಲಿದ್ದವನು. ಕೀ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡವರ ಕಾರು ತೆರೆಯುವುದು ಅಲ್ಲಿ ಅವನ ವಿಭಾಗ. ಊರಿಗೆ ಹಿಂದಿರುಗುವಾಗ ತನ್ನ ಸಾಮಾನಿನ ಚೀಲವನ್ನೂ ತಂದಿದ್ದ. ಅದರಲ್ಲಿ ಬಾಗಿಲಿನ ಸಂದಿಗೆ ತೂರಿಸಿ ಗಾಳಿ ತುಂಬಿಸುವ ರಬ್ಬರಿನ ತೆಳು ದಿಂಬು, ತುದಿ ಬಾಗಿದ ಉದ್ದನೆಯ ಸರಿಗೆಗಳು, ಪ್ಲಾಸ್ಟಿಕ್ ಬೆಣೆಗಳು, ಉಕ್ಕಿನ ಒಂದು ಪಟ್ಟಿ, ವಯರುಗಳು ಇದ್ದವು. ಬ್ಯಾಟರಿ ಸತ್ತ ಕಾರು ರಿಮೋಟಿಗೆ ತೆರೆಯದಿದ್ದಾಗ ಅವು ಇಲ್ಲಿಯೂ ಉಪಯೋಗಕ್ಕೆ ಬರುತ್ತಿದ್ದವು. ಅಲ್ಲಿ ಆ ಚೀಲದ ಜೊತೆಗೆ ಕಂಪನಿಯ ಕಾರ್ಡು ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಇಲ್ಲಿ ಯಾರೂ ಕೇಳಿರಲಿಲ್ಲ.

ಆ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ನಗರದಲ್ಲಿ ಮುಚ್ಚಿದ ಮನೆಗಳಿಂದ ಕೆಲವು ಕಾರುಗಳು ಕಳವಾದವು. ಒಂದು ಸಿಸಿಟಿವಿಯಲ್ಲಿ ಇಬ್ಬರು ಇಂಥದ್ದೇ ಸರಿಗೆ ಹಿಡಿದದ್ದು ಕಾಣಿಸಿತು. ಪೊಲೀಸರು ಹಾರ್ಡ್‌ವೇರ್ ಅಂಗಡಿಯವರನ್ನೂ ಡುಪ್ಲಿಕೇಟ್ ಕೀ ಮಾಡುವವರನ್ನೂ ಕರೆದು ಸಭೆ ಮಾಡಿ, ಗುರುತುಚೀಟಿ ನೋಡದೆ ಇಂಥ ಸಾಮಾನು ಮಾರಬೇಡಿ ಎಂದರು. ಮಾರಾಟಕ್ಕೆ ಸಂಬಂಧಿಸಿ ಅದು ಸೂಚನೆ ಮಾತ್ರ. ಕೈಯಲ್ಲಿ ಇಟ್ಟುಕೊಳ್ಳುವ ವಿಷಯಕ್ಕೆ ಹಳೆಯ ಕಾನೂನೇ ಇದೆ: ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಮುರಿಯುವ ಸಲಕರಣೆಯೊಂದಿಗೆ ಸಿಕ್ಕಿಬಿದ್ದವನು ಅದಕ್ಕೆ ನ್ಯಾಯವಾದ ಕಾರಣ ಕೊಡಬೇಕು. ಕಾರಣ ಇದೆಯೆಂದು ತೋರಿಸುವ ಹೊಣೆ ಅವನದ್ದೇ, ಪೊಲೀಸರದ್ದಲ್ಲ. ಪೌಲ್‌ಗೆ ಅಂಗಡಿ ಇಲ್ಲದ್ದರಿಂದ ಸಭೆಗೆ ಅವನನ್ನು ಯಾರೂ ಕರೆದಿರಲಿಲ್ಲ. ಪೇಪರಿನಲ್ಲಿ ಓದಿ, ಇದು ಕಳ್ಳರಿಗೆ ಹೇಳಿದ್ದು ಎಂದು ಮಡಚಿಟ್ಟಿದ್ದ.

ಜನವರಿಯ ಎರಡನೆಯ ವಾರ ಬಲ್ಮಠದ ರೊಸಾಲಿನ್ ಅವನನ್ನು ಮನೆಗೆ ಕರೆಸಿದಳು. ಸೋಮವಾರ ಅವಳ ಮಗಳು ಕ್ಯಾರಲ್‌ಳ ಮದುವೆ. ರೊಸಾಲಿನ್‌ಳ ಅಣ್ಣ ಲಯನೆಲ್ ಮಸ್ಕತ್ತಿನಲ್ಲಿದ್ದಾನೆ. ಅವನ ವಾಮಂಜೂರಿನ ಮನೆ ಮುಚ್ಚಿದೆ. ಅಲ್ಲಿಯ ಶೆಡ್ಡಿನಲ್ಲಿ ಅವರ ತೀರಿಹೋದ ತಂದೆಯ ಬಿಳಿ ಫಿಯೆಟ್ ನಿಂತಿದೆ. ಅದನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವವನೂ ಪೌಲೇ.

"ನನ್ನ ಮದುವೆಗೆ ನಾನು ಅದರಲ್ಲೇ ಇಗರ್ಜಿಗೆ ಹೋದದ್ದು. ನನ್ನ ಅಕ್ಕನೂ ಅದರಲ್ಲೇ," ರೊಸಾಲಿನ್ ಹೇಳಿದಳು. "ಕ್ಯಾರಲ್ ಬಾಡಿಗೆ ಕಾರಿನಲ್ಲಿ ಹೋಗುವುದಾ?"

"ಕೀ ಲೆಸ್ಟರ್ ಹತ್ರ ಅಲ್ವಾ ರೊಸಾಲಿನ್ ಬಾಯಿ."

ಲೆಸ್ಟರ್ ಲಯನೆಲ್‌ನ ಹೆಂಡತಿಯ ತಮ್ಮ. ಬೆಂದೂರಿನಲ್ಲಿ ಮನೆ. ಗೇಟಿನ ಮತ್ತು ಶೆಡ್ಡಿನ ಕೀ ಪೌಲ್‌ನಲ್ಲಿದ್ದರೂ ಕಾರಿನ ಕೀ ಲೆಸ್ಟರ್‌ನಲ್ಲಿತ್ತು. ಶನಿವಾರ ಅವನ ಮನೆಗೆ ಹೋಗಿ ತಂದು, ಕೆಲಸ ಮುಗಿಸಿ, ಹಿಂದೆ ಕೊಡುವುದು ಕ್ರಮ. ರೊಸಾಲಿನ್‌ಗೂ ಲೆಸ್ಟರ್‌ಗೂ ಮಾತಿಲ್ಲ. ಸೆಪ್ಟೆಂಬರಿನಲ್ಲಿ ಹೊಸ ತೆನೆಯ ಮೊಂತಿ ಹಬ್ಬದ ದಿನ ಲಯನೆಲ್‌ನ ಪರವಾಗಿ ಇಗರ್ಜಿಯಿಂದ ಆಶೀರ್ವಾದದ ಭತ್ತದ ತೆನೆ ತಂದು ಸಂಬಂಧಿಕರ ಮನೆಗಳಿಗೆಲ್ಲ ಮುಟ್ಟಿಸಿದ ಲೆಸ್ಟರ್, ರೊಸಾಲಿನ್‌ಳ ಮನೆಗೆ ಕೊಟ್ಟಿರಲಿಲ್ಲ. ಮರೆತೆ ಎಂದು ಅವನು ಹೇಳಿದ. ತವರಿನ ತೆನೆ ಮರೆಯುವಂಥದ್ದಲ್ಲ ಎಂದು ಅವಳು ಹೇಳಿದಳು. ಅಲ್ಲಿಗೆ ಮಾತು ನಿಂತಿತ್ತು.

"ಅವನತ್ರ ಕೇಳಲಿಕ್ಕೆ ನಾನು ಹೋಗುವುದಿಲ್ಲ," ಅವಳು ಹೇಳಿದಳು. "ನೀನು ಕೀ ಇಲ್ಲದೆ ತೆಗೀತಿ ಅಲ್ವಾ. ಕುವೈತಿನಲ್ಲಿ ಶೇಖನ ಕಾರು ತೆಗೆದೆ ಅಂತ ಹೇಳಿಕೊಂಡು ತಿರುಗ್ತಿ. ಅಪ್ಪನ ಫಿಯೆಟ್ ಆಗುವುದಿಲ್ವಾ?"

"ಆಗ್ತದೆ. ವಿಷಯ ಅದಲ್ಲ. ಲಯನೆಲ್‌ಗೆ ಒಂದು ಫೋನ್ ಮಾಡಿ, ಮುಗೀತಲ್ಲ."

"ಕೇಳಿ ಅವನು ಬೇಡ ಅಂದರೆ? ಹೆಂಡತಿ ಪಕ್ಕದಲ್ಲೇ ಇರ್ತಾಳೆ. ಆಮೇಲೆ ಅಣ್ಣ-ತಂಗಿ ಅಂತ ಉಳಿಯುವುದು ಎಂತ? ಕೇಳದೆ ತಗೊಂಡರೆ ಒಂದು ದಿನ ಬೈತಾನೆ, ಎರಡು ದಿನ ಬೈತಾನೆ. ಮತ್ತೆ ಫೋಟೋ ನೋಡಿ ಅವನೇ ಸ್ಟೇಟಸ್ ಹಾಕ್ತಾನೆ."

"ಆರ್‌ಸಿ ಅವನ ಹೆಸರಲ್ಲಿ ಉಂಟು."

"ಆರ್‌ಸಿ ಆರ್‌ಟಿಒದವರಿಗೆ ಬೇಕಾದ ಕಾಗದ ಮಾರಾಯ. ಇನ್ಶೂರೆನ್ಸ್ ಕಟ್ಟುವವ ಒಬ್ಬ ಬೇಕಲ್ಲ, ಅದಕ್ಕೆ ಆಕ್ಷೇಪ ಇಲ್ಲ ಅಂತ ಸೈನ್ ಹಾಕಿದ್ದು ನಾನೇ. ಅಪ್ಪ ನನ್ನ ಅಪ್ಪ ಅಲ್ಲ ಅಂತ ಸೈನ್ ಹಾಕಲಿಲ್ಲ."

ಪೌಲ್ ನಕ್ಕ. ಅವಳು ಕಾಫಿಯ ಜೊತೆ ಮದುವೆಗೆಂದು ಹೂವಿನ ಅಚ್ಚಿನಲ್ಲಿ ಕರಿದ ಕೊಕ್ಕಿಸು ತಂದಿಟ್ಟಳು. ಶನಿವಾರ ಕೀ ಸಿಕ್ಕಿದಾಗಲೇ ಮಾಡೋಣ ಎಂದು ಅವನು ಹೇಳಿ ಬಂದ. ಆದರೆ ಗುರುವಾರ ಲೆಸ್ಟರ್‌ನ ಮೆಸೇಜ್ ಬಂತು: "ಈ ವಾರ ಕಾರು ಸ್ಟಾರ್ಟ್ ಮಾಡುವುದು ಬೇಡ. ಮದುವೆ ಗಲಾಟೆ ಎಲ್ಲ ಮುಗಿದ ಮೇಲೆ ಬಾ." ಲೆಸ್ಟರ್‌ಗೆ ಅಂದಾಜಾಗಿದೆ ಎಂಬುದು ಪೌಲ್‌ಗೆ ಅರ್ಥವಾಯಿತು. ಅದನ್ನು ರೊಸಾಲಿನ್‌ಗೆ ತಿಳಿಸಿದ. "ನೋಡಿದಿಯಾ," ಅವಳು ಹೇಳಿದಳು. "ನಾಳೆ ಐದು ಗಂಟೆಗೆ ನಾನೂ ಬರ್ತೇನೆ. ನಾನು ನಿಂತಿರುವಾಗ ಯಾರು ಎಂತ ಹೇಳ್ತಾರೆ?"

ಪೌಲ್ ಒಪ್ಪಿಕೊಂಡ. ರೊಸಾಲಿನ್‌ಳ ಗಂಡ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಆ ಮನೆಯವಳು ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ಶುಕ್ರವಾರ ಸಂಜೆ ಅವನು ವಾಮಂಜೂರಿಗೆ ಹೋದ. ಲಯನೆಲ್‌ನ ಮನೆ ಮುಖ್ಯರಸ್ತೆಯಿಂದ ಒಳಗೆ, ಗದ್ದೆ ತುಂಬಿಸಿ ಮಾಡಿದ ಸೈಟುಗಳ ಸಾಲಿನಲ್ಲಿದೆ. ಅಕ್ಕಪಕ್ಕ ಹೊಸ ಮನೆಗಳು, ಹಿಂದೆ ಇನ್ನೂ ಉಳಿದ ಒಂದಿಷ್ಟು ಗದ್ದೆ. ರೊಸಾಲಿನ್ ಬರಲಿಲ್ಲ. ಫೋನ್ ಮಾಡಿದಾಗ ಗಂಡಿನ ಕಡೆಯವರು ಕೂತಿದ್ದಾರೆ, ಈಗ ಹೊರಟೆ ಎಂದಳು. ಮತ್ತೊಮ್ಮೆ ಮಾಡಿದಾಗ ತೆಗೆಯಲಿಲ್ಲ. ಬ್ರೇಕ್ ನೋಡಲು ಗ್ಯಾರೇಜಿನವನಿಗೆ ಆ ಸಂಜೆಯೇ ಕಾರು ಮುಟ್ಟಿಸುತ್ತೇನೆಂದು ಪೌಲ್ ಮಾತು ಕೊಟ್ಟಿದ್ದ. ಬೆಳಕು ಕಡಿಮೆಯಾಗುತ್ತ ಬಂತು. ಕೊನೆಗೆ ಅವನು ಶೆಡ್ಡು ತೆರೆದು, ಚೀಲ ಬಿಚ್ಚಿ, ಉಕ್ಕಿನ ಪಟ್ಟಿಯನ್ನು ಗಾಜಿನ ಅಂಚಿನಿಂದ ಇಳಿಸಿದ. ಹಳೆಯ ಫಿಯೆಟ್ ತಕರಾರಿಲ್ಲದೆ ತೆರೆಯಿತು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ವಯರು ಹುಡುಕುತ್ತಿದ್ದಾಗ ಹಿಂದಿನಿಂದ ಯಾರೋ ಬಾಗಿಲು ತಟ್ಟಿದರು.

ಸಬ್ ಇನ್‌ಸ್ಪೆಕ್ಟರ್ ಶಶಿಪ್ರಭಾ ನಿಂತಿದ್ದಳು. ಪಕ್ಕದಲ್ಲಿ ಕಾನ್‌ಸ್ಟೆಬಲ್ ಶೋಭಿತ್. ಗೇಟಿನಾಚೆ ಎದುರು ಮನೆಯ ಸುಜಿತ್ ಫೋನ್ ಹಿಡಿದು ನಿಂತಿದ್ದ. ಫೋಟೋ ತೆಗೆದು ಪೊಲೀಸರಿಗೆ ಕಳಿಸಿದವನು ಅವನೇ. ಆ ಮನೆಗೆ ಅವನು ಬಂದು ಎರಡು ತಿಂಗಳಾಗಿತ್ತಷ್ಟೆ. ಪೌಲ್ ಬರುತ್ತಿದ್ದ ಶನಿವಾರ ಬೆಳಿಗ್ಗೆಗಳಲ್ಲಿ ಅವನು ಮನೆಯಲ್ಲಿ ಇರುತ್ತಿರಲಿಲ್ಲ.

"ಕಾರು ಯಾರದ್ದು?" ಶಶಿಪ್ರಭಾ ಕೇಳಿದಳು.

"ಲಯನೆಲ್ ಅವರದ್ದು ಮೇಡಂ. ಮಸ್ಕತ್ತಿನಲ್ಲಿ ಇದ್ದಾರೆ. ನಾನೇ ನೋಡಿಕೊಳ್ಳುವುದು."

"ನೋಡಿಕೊಳ್ಳುವವರಿಗೆ ಕೀ ಇಲ್ವಾ?"

ಪೌಲ್ ಉತ್ತರ ಕೊಡುವಷ್ಟರಲ್ಲಿ ಶೋಭಿತ್ ಚೀಲದ ಸಾಮಾನುಗಳನ್ನು ಒಂದೊಂದಾಗಿ ಬೋನೆಟ್ಟಿನ ಮೇಲೆ ಇಡುತ್ತಿದ್ದ. ರಬ್ಬರಿನ ದಿಂಬನ್ನು ಎತ್ತಿ ಅದರ ಪಂಪನ್ನು ಹಿಸುಕಿದ.

"ಇದೆಂತದು ಮಾರ್ರೆ, ಕಾರಿಗೆ ಬಿಪಿ ನೋಡುವುದಾ?"

"ಬಾಗಿಲು ಸ್ವಲ್ಪ ಅಗಲ ಮಾಡ್ಲಿಕ್ಕೆ."

"ಗೊತ್ತುಂಟು. ಮೊನ್ನೆ ಸಿಸಿಟಿವಿಯಲ್ಲಿ ನೋಡಿದೆವು."

"ಮೇಡಂ, ಇದು ಕಾರಿನ ಸಾಮಾನು. ಮನೆ ಮುರಿಯುವಂಥದ್ದಲ್ಲ," ಪೌಲ್ ಹೇಳಿದ. ಪೇಪರಿನಲ್ಲಿ ಓದಿದ್ದು ಅವನಿಗೆ ನೆನಪಿತ್ತು.

"ಶೆಡ್ಡು ಮನೆಗೆ ತಾಗಿಯೇ ಉಂಟು. ಅದಕ್ಕೆ ಆ ಕಲಂ ಹಿಡೀತದಾ ಇಲ್ವಾ ಅಂತ ಕೋರ್ಟು ನೋಡ್ತದೆ. ನಾನು ಕೇಳುವುದು ಒಂದೇ. ಕತ್ತಲಾದ ಮೇಲೆ ಮುಚ್ಚಿದ ಮನೆಯಲ್ಲಿ ಇದನ್ನು ಹಿಡಿದುಕೊಂಡು ಇರಲಿಕ್ಕೆ ನಿಮ್ಮತ್ರ ಕಾರಣ ಎಂತ ಉಂಟು?"

"ರೊಸಾಲಿನ್ ಅಂತ, ಅವರ ತಂಗಿ. ಅವರು ಹೇಳಿದ್ದು."

"ಫೋನ್ ಮಾಡಿ."

ರೊಸಾಲಿನ್ ಆಗಲೂ ಫೋನ್ ತೆಗೆಯಲಿಲ್ಲ. ಶಶಿಪ್ರಭಾ ಲಯನೆಲ್‌ನ ನಂಬರು ಕೇಳಿದಳು. ಪೌಲ್ ಒಂದು ಕ್ಷಣ ತಡೆದ. ಆ ತಡೆದದ್ದನ್ನು ಆಕೆ ಗಮನಿಸಿದಳು. "ಮಾಲೀಕರಿಗೆ ಫೋನ್ ಮಾಡುವುದು ಬೇಡ್ವಾ? ಹಾಗಾದರೆ ಸ್ಟೇಷನ್ನಿಗೆ ಬನ್ನಿ." ನಂಬರು ಕೊಟ್ಟ ಮೇಲೂ ಠಾಣೆಗೆ ಹೋಗುವುದು ತಪ್ಪಲಿಲ್ಲ. ಲಯನೆಲ್ ಡ್ಯೂಟಿಯಲ್ಲಿದ್ದ; ಫೋನ್ ತೆಗೆಯಲಿಲ್ಲ.

ಠಾಣೆಯಲ್ಲಿ ಪೌಲ್ ಬೆಂಚಿನ ಮೇಲೆ ಕೂತ. ಎದುರಿನ ಮೇಜಿನ ಮೇಲೆ ಅವನ ಚೀಲವಿತ್ತು. ಕೇಸು ದಾಖಲಾದರೆ ಶಿಕ್ಷೆ ದೊಡ್ಡದಲ್ಲದಿರಬಹುದು. ಆದರೆ 'ಕಾರು ಕಳವಿಗೆ ಯತ್ನ, ಸಲಕರಣೆ ವಶ' ಎಂದು ಸ್ಥಳೀಯ ಪುಟದಲ್ಲಿ ನಾಲ್ಕು ಸಾಲು ಬಂದರೆ ಅಡುಗೆಮನೆಯ ಮೊಳೆಗಳಲ್ಲಿ ಒಂದು ಕೀಯೂ ಉಳಿಯುವುದಿಲ್ಲ. ಅವನ ವಯಸ್ಸಿನವನಿಗೆ ಮತ್ತೆ ಗಲ್ಫಿನಲ್ಲಿ ಕೆಲಸವೂ ಸಿಗುವುದಿಲ್ಲ.

ಮೊದಲು ಬಂದವನು ಲೆಸ್ಟರ್. ಲಯನೆಲ್ ಮಿಸ್ಡ್ ಕಾಲ್ ನೋಡಿ ಠಾಣೆಗೆ ಫೋನ್ ಮಾಡಿ, ವಿಷಯ ತಿಳಿದು, ಅವನನ್ನು ಕಳಿಸಿದ್ದ. ಲೆಸ್ಟರ್ ಪೌಲ್‌ನ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದ.

"ನಾನು ಮೆಸೇಜ್ ಹಾಕಿದ್ದೆ ಅಲ್ಲ ಪೌಲ್?"

"ಹಾಕಿದ್ದಿ."

"ಇವರತ್ರ ನಾನು ಹೇಳ್ತೇನೆ, ನೀನು ನಮ್ಮ ಮನುಷ್ಯ, ಕಾರು ನೋಡಲಿಕ್ಕೆ ನಾವೇ ಕಳಿಸಿದ್ದು, ಕೀ ನನ್ನತ್ರ ಬಾಕಿಯಾಯ್ತು ಅಂತ. ನಿನಗೆ ತೊಂದರೆ ಇಲ್ಲ. ಆದರೆ ನೀನು ಲಯನೆಲ್ ಭಾವನ ಹತ್ರ ಹೇಳ್ಬೇಕು, ರೊಸಾಲಿನ್ ನಿನಗೆ ಸುಳ್ಳು ಹೇಳಿದ್ದು, ಲಯನೆಲ್ ಒಪ್ಪಿದ್ದಾನೆ ಅಂತ ನಂಬಿಸಿದ್ದು ಅಂತ."

"ಅವಳು ಹಾಗೆ ಹೇಳಲಿಲ್ಲ."

"ಹೇಳಲಿಲ್ಲ, ಸರಿ. ಹೇಳಿದಳು ಅಂದರೆ ಯಾರಿಗೆ ಗಾಯ ಆಗ್ತದೆ? ನಿನಗಂತೂ ಅಲ್ಲ."

ಅಷ್ಟರಲ್ಲಿ ರೊಸಾಲಿನ್ ಬಂದಳು. ಠಾಣೆಯಿಂದ ಪೌಲ್ ಹಾಕಿದ ಮೆಸೇಜ್ ನೋಡಿ, ಗಂಡಿನ ಕಡೆಯವರನ್ನು ಕಳಿಸಿ ಸೀದಾ ರಿಕ್ಷಾ ಹತ್ತಿದ್ದಳು. ಲೆಸ್ಟರ್‌ನನ್ನು ಕಂಡದ್ದೇ ಅವಳ ಮುಖ ಬಿಗಿಯಾಯಿತು.

"ಓ, ಇವರೂ ಬಂದಿದ್ದಾರಾ. ತೆನೆ ಕೊಡಲಿಕ್ಕೆ ದಾರಿ ಗೊತ್ತಿರ್ಲಿಲ್ಲ, ಪೊಲೀಸ್ ಸ್ಟೇಷನ್ನಿಗೆ ಗೊತ್ತುಂಟು."

"ಕಳ್ಳತನ ಮಾಡ್ಸುವವರಿಗೂ ಗೊತ್ತುಂಟಲ್ಲ," ಲೆಸ್ಟರ್ ಹೇಳಿದ.

"ಇಬ್ಬರೂ ಕೂತ್ಕೊಳ್ಳಿ," ಶಶಿಪ್ರಭಾ ಹೇಳಿದಳು. "ನೀವು ರೊಸಾಲಿನ್ ಅವರಾ? ಇವರನ್ನು ಕಾರು ತೆಗೆಯಲಿಕ್ಕೆ ಕಳಿಸಿದ್ದು ನೀವೇನಾ?"

ರೊಸಾಲಿನ್ ಚೀಲದ ಕಡೆ ನೋಡಿದಳು. ಸರಿಗೆಗಳಿಗೆ ಆಗಲೇ ಚೀಟಿ ಕಟ್ಟಿದ್ದರು. "ಕಾರು ಸರಿ ಉಂಟಾ, ಓಡ್ತದಾ ನೋಡು ಅಂತ ಹೇಳಿದ್ದೆ," ಎಂದಳು. "ಬಾಗಿಲು ಮುರಿ ಅಂತ ನಾನು ಹೇಳಲಿಲ್ಲ. ನನ್ನ ಮಗಳ ಮದುವೆ ಸೋಮವಾರ ಮೇಡಂ."

ಪೌಲ್ ಅವಳ ಕಡೆ ತಿರುಗಲಿಲ್ಲ. ಅವಳು ಪೂರ್ತಿ ಸುಳ್ಳು ಹೇಳಿರಲಿಲ್ಲ. ಮುರಿ ಎಂಬ ಶಬ್ದ ಅವಳು ಬಳಸಿರಲಿಲ್ಲ, ಅಷ್ಟೆ.

ಲಯನೆಲ್‌ನ ಕರೆ ಮತ್ತೆ ಬಂತು. ಶಶಿಪ್ರಭಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಆಕೆ ಪೌಲ್‌ನನ್ನು ಕೇಳಿದಳು, "ಈಗ ಹೇಳಿ. ಮಾಲೀಕರು ಕೇಳ್ತಾ ಇದ್ದಾರೆ. ಇವತ್ತು ಈ ಕಾರು ತೆಗೆಯಲಿಕ್ಕೆ ನಿಮಗೆ ಯಾರ ಒಪ್ಪಿಗೆ ಇತ್ತು?"

ಲೆಸ್ಟರ್ ಗಂಟಲು ಸರಿಮಾಡಿಕೊಂಡ. ರೊಸಾಲಿನ್ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಲೆಸ್ಟರ್ ಹೇಳಿಕೊಟ್ಟದ್ದು ಸಾಕಷ್ಟು ಒಳ್ಳೆಯ ಕಾರಣವೇ ಆಗಿತ್ತು. ಮಾಲೀಕನ ಕಡೆಯವನೇ ಅದಕ್ಕೆ ಸಾಕ್ಷಿ. ಆದರೆ ಹಾಗೆ ಹೇಳಿದರೆ ಮೋಸ ಮಾಡಿದವಳು ಎಂಬ ಮಾತು ರೊಸಾಲಿನ್‌ಳ ಮೇಲೆ ಉಳಿಯುತ್ತಿತ್ತು, ಅದೂ ಮದುವೆಯ ವಾರದಲ್ಲಿ, ಅಣ್ಣನ ಕಿವಿಗೇ.

"ಮಾಲೀಕರ ಒಪ್ಪಿಗೆ ಇರಲಿಲ್ಲ," ಪೌಲ್ ಹೇಳಿದ. "ರೊಸಾಲಿನ್ ಬಾಯಿ ಕೇಳಿದ್ದು ಹೌದು. ಲಯನೆಲ್ ಒಪ್ಪಿದ್ದಾನೆ ಅಂತ ಅವರು ಹೇಳಲಿಲ್ಲ. ಒಪ್ಪಿಲ್ಲ ಅಂತ ನನಗೂ ಗೊತ್ತಿತ್ತು. ಈ ವಾರ ಕಾರು ಮುಟ್ಟಬೇಡ ಅಂತ ಲೆಸ್ಟರ್ ಮೆಸೇಜ್ ಹಾಕಿದ್ದ. ಅದೂ ನೋಡಿದ್ದೆ. ಅಪ್ಪನ ಕಾರು, ಮಗಳ ಮದುವೆ, ಆಮೇಲೆ ಹೇಳಿದರೆ ಆಗ್ತದೆ ಅಂತ ಎಣಿಸಿದೆ."

ಫೋನಿನಲ್ಲಿ ಮಸ್ಕತ್ತಿನ ಕಡೆ ಯಾವುದೋ ಯಂತ್ರದ ಸದ್ದು ಕೇಳಿಸುತ್ತಿತ್ತು.

"ರೊಸ್," ಲಯನೆಲ್ ಹೇಳಿದ. "ನನಗೆ ಒಂದು ಫೋನ್ ಮಾಡ್ಲಿಕ್ಕೆ ಎಂತ?"

"ನೀನು ಬೇಡ ಅಂತಿದ್ದಿ."

"ಅಂತಿದ್ದೆನೋ ಇಲ್ವೋ. ನೀನು ಕೇಳಲೇ ಇಲ್ಲ." ಮತ್ತೆ ಅವನು ಮುಂದುವರಿಸಿದ. "ಮೇಡಂ, ನನಗೆ ಕಂಪ್ಲೇಂಟ್ ಇಲ್ಲ. ಪೌಲ್ ಕಳ್ಳ ಅಲ್ಲ. ಆದರೆ ಪೌಲ್, ನಾಳೆಯಿಂದ ನನ್ನ ಮನೆ ಕೆಲಸ ನೀನು ಮಾಡುವುದು ಬೇಡ. ಗೇಟಿನ ಕೀ ಲೆಸ್ಟರ್‌ಗೆ ಕೊಡು."

ಪೌಲ್ ಜೇಬಿನಿಂದ ಕೀಗೊಂಚಲು ತೆಗೆದು, ಎರಡು ಕೀಗಳನ್ನು ಬಿಡಿಸಿ ಮೇಜಿನ ಮೇಲಿಟ್ಟ. ಲೆಸ್ಟರ್ ಅವನ್ನು ಕೂಡಲೇ ಎತ್ತಿಕೊಳ್ಳಲಿಲ್ಲ.

ಶಶಿಪ್ರಭಾ ಪೌಲ್‌ನ ಹೇಳಿಕೆ ಬರೆದುಕೊಂಡಳು. ಕೇಸು ಹಾಕಲಿಲ್ಲ. ಆದರೆ ಚೀಲ ಕೊಡಲಿಲ್ಲ.

"ನೀವು ನೋಡಿಕೊಳ್ಳುವ ಬೇರೆ ಕಾರುಗಳು ಎಷ್ಟೋ ಉಂಟಂತೆ. ಒಬ್ಬೊಬ್ಬ ಮಾಲೀಕರಿಂದ ಬರೆಸಿಕೊಂಡು ಬನ್ನಿ. ನಿಮ್ಮ ಹೆಸರು, ಕಾರಿನ ನಂಬರು, ಕೀ ಇಲ್ಲದೆ ತೆರೆಯುವ ಅನುಮತಿ ಉಂಟಾ ಇಲ್ವಾ. ಅದರ ಪ್ರತಿ ಸ್ಟೇಷನ್ನಿನಲ್ಲಿ ಇರ್ತದೆ. ಆಗ ಇದನ್ನು ತಗೊಂಡು ಹೋಗಿ."

"ಬರೆದುಕೊಡದಿದ್ದರೆ?"

"ಅವರ ಕಾರು, ಅವರ ಇಷ್ಟ. ಇನ್ನೊಂದು, ಸೂರ್ಯ ಮುಳುಗಿದ ಮೇಲೆ ಚೀಲ ಮನೆಯಲ್ಲಿರಲಿ. ಮುಂದಿನ ಸಲ ನಾನಲ್ಲ, ಬೇರೆ ಯಾರಾದರೂ ಹಿಡಿದರೆ ಇಷ್ಟು ಮಾತಾಡ್ಲಿಕ್ಕೆ ಬಿಡುವುದಿಲ್ಲ."

ಹೊರಗೆ ಬಂದಾಗ ರೊಸಾಲಿನ್ ಅವನನ್ನು ತಡೆದಳು. "ಪೌಲ್, ನಾನು ಒಳಗೆ ಹಾಗೆ ಹೇಳಬಾರದಿತ್ತು."

"ಮದುವೆ ಮುಗಿಯಲಿ ಬಾಯಿ," ಎಂದು ಹೇಳಿ ಅವನು ಬಸ್ಸು ಹಿಡಿದು ವಾಮಂಜೂರಿಗೆ ಹೋಗಿ ತನ್ನ ಸ್ಕೂಟರ್ ತಂದ.

ಕ್ಯಾರಲ್ ಬಾಡಿಗೆಯ ಕಾರಿನಲ್ಲಿ ಇಗರ್ಜಿಗೆ ಹೋದಳು. ಪೌಲ್ ಮದುವೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಮದುವೆಯ ಹಾಲ್‌ನ ಊಟದ ಸಾಲಿನಲ್ಲಿ ಇಬ್ಬರು ಅವನನ್ನು ನೋಡಿ ಮಾತು ನಿಲ್ಲಿಸಿದರು. ಸುಜಿತ್ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದ ಫೋಟೋ ಅಷ್ಟರಲ್ಲಿ ಬಲ್ಮಠಕ್ಕೂ ಮುಟ್ಟಿತ್ತು: ಫಿಯೆಟ್ಟಿನ ಬಾಗಿಲಿನಿಂದ ಹೊರಗೆ ಚಾಚಿದ ಎರಡು ಕಾಲುಗಳು, ಪಕ್ಕದಲ್ಲಿ ಚೀಲ.

ಮಂಗಳವಾರದಿಂದ ಅವನು ಮಾಲೀಕರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡತೊಡಗಿದ. ಅನುಮತಿ ಕೇಳಬೇಕಾದರೆ ಯಾಕೆ ಬೇಕೆಂದು ಹೇಳಬೇಕು. ಹೇಳಬೇಕಾದರೆ ವಾಮಂಜೂರಿನ ವಿಷಯ ಬರುತ್ತದೆ. ಎರಡು ಮನೆಯವರು ಕೂಡಲೇ ಬರೆದು ಕಳಿಸಿದರು. ಅಬುಧಾಬಿಯ ಒಬ್ಬ, ಕೇಸು ಇಲ್ಲ ಅಲ್ವಾ, ಹಾಗಾದರೆ ಪರವಾಗಿಲ್ಲ ಎಂದ. ಮೂವರು, ತಮ್ಮನೋ ಭಾವನೋ ಬಂದು ಗೇಟಿನ ಕೀ ತೆಗೆದುಕೊಂಡು ಹೋಗುತ್ತಾರೆ ಎಂದರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ.

ಫ್ಲಾವಿಯಾ ಎಂಬವಳು ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಮೇಲ್ವಿಚಾರಕಿ. ಬೆಂದೂರಿನ ಫ್ಲಾಟಿನ ಕೆಳಗೆ ಅವಳ ಹೊಸ ಕಾರು ನಿಂತಿದೆ; ಅದರ ಕೀ ಅದುವರೆಗೆ ವಾಚ್‌ಮನ್ ಹತ್ತಿರ ಇರುತ್ತಿತ್ತು. ಡ್ಯೂಟಿ ಮುಗಿಸಿ ಅವಳೇ ತಿರುಗಿ ಫೋನ್ ಮಾಡಿದಳು.

"ಅಂಕಲ್, ಆ ಫೋಟೋ ನನಗೂ ಬಂದಿದೆ. ಅದು ನೀವೇನಾ?"

"ನಾನೇ."

"ಮಾಲೀಕರ ಒಪ್ಪಿಗೆ ಇಲ್ಲದೆ ತೆಗೆದದ್ದಾ?"

"ಹೌದು."

"ಮತ್ತೆ ನಾನು ಯಾಕೆ ಬರೆದುಕೊಡ್ಬೇಕು?"

"ಬರೆದುಕೊಡ್ಲೇಬೇಕು ಅಂತ ಇಲ್ಲ. ನೀವು ಬೇಡ ಅಂದರೆ ಇವತ್ತೇ ಗೇಟಿನ ಕೀ ವಾಚ್‌ಮನ್ ಹತ್ರ ಕೊಟ್ಟು ಬರ್ತೇನೆ. ಯಾರೋ ತಂಗಿ ಕೇಳಿದಳು, ಅಮ್ಮ ಕೇಳಿದಳು ಅಂತ ನಾನು ಇನ್ನು ಮುಟ್ಟುವುದಿಲ್ಲ. ಅಷ್ಟು ಹೇಳಬಹುದು."

"ಎಂತಾದರೂ ಒಂದು ಕತೆ ಹೇಳಿದ್ದರೆ ನಾನು ನಂಬ್ತಿದ್ದೆ."

"ಸ್ಟೇಷನ್ನಿನಲ್ಲಿ ನನ್ನ ಹೇಳಿಕೆ ಉಂಟು. ನೀವು ಅಲ್ಲಿಗೆ ಫೋನ್ ಮಾಡಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು."

ಅವಳು ನಕ್ಕಳು. ನಂತರ, ಕೂಗಿ ಕರೆದ ಯಾರಿಗೋ ಅರೇಬಿಕ್‌ನಲ್ಲಿ ಉತ್ತರ ಕೊಟ್ಟು, ಆಮೇಲೆ ನೋಡುತ್ತೇನೆ ಎಂದು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಅವಳ ಸಹಿ ಮಾಡಿದ ಕಾಗದದ ಫೋಟೋ ಬಂತು. ಕಾರು ಸ್ಟಾರ್ಟ್ ಮಾಡಲು ಅನುಮತಿ ಇತ್ತು. ಕೀ ಇಲ್ಲದೆ ತೆರೆಯುವ ಸಾಲಿನ ಮುಂದೆ 'ಇಲ್ಲ' ಎಂದಿತ್ತು. ಕೀ ಇನ್ನು ಮುಂದೆ ಎರಡನೇ ಮಹಡಿಯ ನನ್ನ ಚಿಕ್ಕಮ್ಮನಲ್ಲಿರುತ್ತದೆ, ಪ್ರತಿ ಸಲ ಅವರಿಂದ ಕೇಳಿ ತೆಗೆದುಕೊಳ್ಳಿ ಎಂದು ಕೆಳಗೆ ಬರೆದಿದ್ದಳು.

ಪೌಲ್ ಅದನ್ನು ಪ್ರಿಂಟ್ ಮಾಡಿಸಿ ಉಳಿದವುಗಳ ಜೊತೆ ಸೇರಿಸಿದ. ಠಾಣೆಗೆ ಹೋಗುವ ಮೊದಲು ಬೆಂದೂರಿಗೆ ಹೋಗಿ, ಎರಡನೇ ಮಹಡಿಗೆ ಹತ್ತಿ ಬೆಲ್ ಒತ್ತಿದ. ಬಾಗಿಲು ತೆರೆದ ಹೆಂಗಸು ಸರಪಳಿ ತೆಗೆಯದೆಯೇ ಅವನ ಮುಖ ನೋಡಿ, ತನ್ನ ಫೋನಿನಲ್ಲಿ ಫ್ಲಾವಿಯಾ ಕಳಿಸಿದ್ದ ಅವನ ಫೋಟೋ ನೋಡಿ, ಮತ್ತೆ ಮುಖ ನೋಡಿದಳು. ನಂತರ ಕೀಯನ್ನು ಸಂದಿಯಿಂದ ಹೊರಗೆ ಚಾಚಿದಳು.

"ಕೆಲಸ ಮುಗಿದ ಕೂಡಲೇ ತಂದು ಕೊಡಿ," ಎಂದಳು. "ನಾನು ಬಾಲ್ಕನಿಯಲ್ಲೇ ಇರ್ತೇನೆ."

"ಇರಿ ಬಾಯಿ," ಪೌಲ್ ಹೇಳಿದ. "ಅದೇ ಒಳ್ಳೆಯದು."